ಹೆಬ್ಬೆರಳಿನ ಬೇನೆ

ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಗಂಟು ನೋವಿಗೆಲ್ಲ ಒಂದೇ ಹೆಸರು: ವಾತ. ವಯಸ್ಸಾಗಿ ಮೊಣಕಾಲು ಸವೆದರೂ ವಾತ, ಬೆಳಿಗ್ಗೆ ಏಳುವಾಗ ಕೈಬೆರಳು ಬಿಗಿದುಕೊಂಡರೂ ವಾತ, ಚಿಕುನ್‌ಗುನ್ಯಾ ಬಂದು ಹೋಗಿ ಆರು ತಿಂಗಳು ಉಳಿದ ನೋವೂ ವಾತವೇ. ಹೆಸರು ಒಂದೇ ಆದ ಮೇಲೆ ಮದ್ದೂ ಒಂದೇ. ಕೊಟ್ಟಂಚುಕ್ಕಾದಿ ತೈಲ ತಿಕ್ಕುವುದು, ಕಡಿಮೆಯಾಗದಿದ್ದರೆ ಮೆಡಿಕಲ್‌ನಿಂದ ಎರಡು ನೋವಿನ ಮಾತ್ರೆ ತರಿಸುವುದು. ಈ ಒಂದು ಹೆಸರಿನ ಅಡಿಯಲ್ಲಿ ಒಂದು ಕಾಯಿಲೆ ವರ್ಷಾನುಗಟ್ಟಲೆ ಅಡಗಿ ಕೂರುತ್ತದೆ. ಗುರುತಿಸಿದರೆ ಗಂಟು ನೋವುಗಳಲ್ಲೆಲ್ಲ ಚೆನ್ನಾಗಿ ಹತೋಟಿಗೆ ಬರುವಂಥದ್ದು ಅದು, ಗುರುತಿಸದೆ ಬಿಟ್ಟರೆ ಗಂಟನ್ನೂ ತಿನ್ನುತ್ತದೆ, ಅದಕ್ಕಾಗಿ ನುಂಗಿದ ಮಾತ್ರೆ ಕಿಡ್ನಿಯನ್ನೂ ತಿನ್ನುತ್ತದೆ. ಗೌಟ್ ಅಂತ ಅದಕ್ಕೆ ಹೆಸರು. ಆಯುರ್ವೇದದವರು ವಾತರಕ್ತ ಎನ್ನುವುದು ಹೆಚ್ಚುಕಡಿಮೆ ಇದನ್ನೇ.

ನಮ್ಮ ಕುಟುಂಬದಲ್ಲಿ ಇದು ಮಾಮನಿಗೆ ಇದೆ, ನನಗೆ ಇದೆ. ಉಮ್ಮನಿಗೆ ಇದರ ದಾಯಾದಿಯಂಥ ಇನ್ನೊಂದು ಇದೆ. ನಾನು ಡಾಕ್ಟರಲ್ಲ. ಆದರೆ ಮೂರು ಜನರ ಫೈಲು ಹಿಡಿದುಕೊಂಡು ತಲಪಾಡಿ ದಾಟಿ ಮಂಗಳೂರಿಗೆ ಅಲೆದವನು. ಇಲ್ಲಿಯ ಸರಕಾರಿ ಆಸ್ಪತ್ರೆಯ ಗೋಡೆಯ ಮೇಲಿನ ಬರಹ ಮಲಯಾಳಂ, ಅಲ್ಲಿಯ ರಿಪೋರ್ಟು ಇಂಗ್ಲಿಷ್, ಮನೆಯಲ್ಲಿ ಮಾತು ಬ್ಯಾರಿ. ನನ್ನ ಪ್ರಾಯದವರು ಓದಿದ್ದು ಮಾತ್ರ ಕನ್ನಡ. ಓದಿದ ಭಾಷೆಯಲ್ಲಿ ಯಾರೂ ಈ ಕಾಯಿಲೆಯ ಬಗ್ಗೆ ನಮಗೆ ಹೇಳಲಿಲ್ಲ.

ಮಾಮ ಅಡಿಕೆ ವ್ಯಾಪಾರದವರು. ಅವರಿಗೆ ಮೊದಲು ಗೊತ್ತಾದದ್ದು ನಮಾಝಿನಲ್ಲಿ. ಅತ್ತಹಿಯ್ಯಾತ್‌ಗೆ ಕೂರುವಾಗ ಬಲಗಾಲಿನ ಪಾದವನ್ನು ನೆಟ್ಟಗೆ ನಿಲ್ಲಿಸಿ, ಬೆರಳುಗಳನ್ನು ಕಿಬ್ಲಾದ ಕಡೆಗೆ ಮಡಚಿ ಕೂರುತ್ತೇವಲ್ಲ, ಆಗ ಒತ್ತಡ ಬೀಳುವುದು ಹೆಬ್ಬೆರಳಿನ ಬುಡದ ಗಂಟಿನ ಮೇಲೆ. ಒಂದು ಸುಬಹಿಗೆ ಆ ಬೆರಳು ಮಡಚಲೇ ಇಲ್ಲ. ರಾತ್ರಿ ಮಲಗುವಾಗ ಏನೂ ಇರಲಿಲ್ಲ, ಬೆಳಗಾಗುವಾಗ ಗಂಟು ಕೆಂಪಗೆ ಊದಿ, ಚರ್ಮ ಮಿರಿಮಿರಿ ಹೊಳೆಯುತ್ತಿತ್ತು. ಚಪ್ಪಲಿ ಹಾಕಲಾಗದೆ ಬರಿಗಾಲಲ್ಲಿ ಕುಂಟಿಕೊಂಡು ಮಸೀದಿಯಿಂದ ಬಂದರು. ಎಲ್ಲೋ ಎಡವಿರಬೇಕು ಎಂದರು ಮಾಮಿ. ಹತ್ತು ದಿನದಲ್ಲಿ ತಾನೇ ಹೋಯಿತು. ಮತ್ತೆ ಬಂದದ್ದು ಒಂದೂವರೆ ವರ್ಷ ಬಿಟ್ಟು.

ಗೌಟಿನ ಗುರುತು ಬಹುಪಾಲು ಈ ನಾಲ್ಕು ಸಾಲಿನಲ್ಲೇ ಇದೆ. ರಾತ್ರಿಯಲ್ಲೋ ನಸುಕಿನಲ್ಲೋ ಹಠಾತ್ತಾಗಿ ಶುರು. ಒಂದು ದಿನದೊಳಗೆ ಉತ್ತುಂಗಕ್ಕೆ ಏರುವ ನೋವು. ಹೆಚ್ಚಾಗಿ ಒಂದೇ ಗಂಟು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಮೊದಲ ಸಲ ಹೆಬ್ಬೆರಳಿನ ಬುಡ. ಮದ್ದು ಮಾಡದಿದ್ದರೂ ಒಂದೆರಡು ವಾರದಲ್ಲಿ ಪೂರ್ತಿ ಮಾಯ. ಈ ಕೊನೆಯದೇ ಮೋಸ. ತಾನಾಗಿ ಹೋಗುವುದರಿಂದ ಆ ವಾರ ಏನು ಮಾಡಿದ್ದೇವೋ ಅದಕ್ಕೇ ಕೀರ್ತಿ ಸಲ್ಲುತ್ತದೆ. ತೈಲ ತಿಕ್ಕಿದ್ದರೆ ತೈಲಕ್ಕೆ, ಮಂತ್ರಿಸಿದ ನೀರು ಕುಡಿದಿದ್ದರೆ ನೀರಿಗೆ. ಅಂದ ಹಾಗೆ, ಊದಿ ಕೆಂಪಾದ ಆ ಗಂಟಿಗೆ ಬಿಸಿ ಎಣ್ಣೆ ತಿಕ್ಕುವುದು ಶಿಕ್ಷೆಯೇ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಹಾಯೆನಿಸುತ್ತದೆ. ನಾನು ಎರಡನ್ನೂ ಕಂಡವನು.

ಎರಡನೆಯ ಸಲ ಮಾಮ ಒಂದು ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಕಾಲು ನೋಡಿ, ಸರಿಯಾಗಿಯೇ, ಗೌಟ್ ಎಂದರು. ಬಾಗಿಲು ತೆರೆದೇ ಇತ್ತು. ಗಟ್ಟಿ ದನಿಯಲ್ಲಿ ಕೇಳಿದರು: "ಡ್ರಿಂಕ್ಸ್ ಉಂಟಾ?" ಮಾಮ ಇಲ್ಲ ಎಂದರು. "ಇದು ಹೆಚ್ಚಾಗಿ ಕುಡಿಯುವವರಿಗೇ ಬರುವುದು. ಸತ್ಯ ಹೇಳಿ." ಹೊರಗೆ ಬೆಂಚಿನಲ್ಲಿ ಕೂತವರಲ್ಲಿ ಮಗಳ ಗಂಡನ ಮನೆಯ ಒಬ್ಬರಿದ್ದರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ, ಜಮಾಅತ್ ಕಮಿಟಿಯಲ್ಲಿ ಕೂರುವ ಮನುಷ್ಯ. ಚೀಟಿ ಕಿಸೆಯಲ್ಲಿಟ್ಟುಕೊಂಡು ಎದ್ದು ಬಂದವರು ಮುಂದೆ ಹತ್ತು ವರ್ಷ ಯಾವ ಡಾಕ್ಟರಿಗೂ ಆ ಕಾಲು ತೋರಿಸಲಿಲ್ಲ. ನೋವು ಬಂದಾಗೆಲ್ಲ ಡೈಕ್ಲೊಫೆನಾಕ್. ಮೊದಮೊದಲು ವರ್ಷಕ್ಕೆ ಒಂದು ಶೀಟು, ಆಮೇಲೆ ತಿಂಗಳಿಗೆ ಎರಡು. ಯಾರಾದರೂ ಕೇಳಿದರೆ "ವಾತ, ಮೋನೆ" ಎನ್ನುತ್ತಿದ್ದರು. ವಾತ ಎಂದರೆ ಮರ್ಯಾದೆಗೆ ಏನೂ ಭಯವಿಲ್ಲವಲ್ಲ.

ಆ ಪ್ರಶ್ನೆ ಕೇಳಬಾರದೆಂದು ನಾನು ಹೇಳುವುದಿಲ್ಲ. ಮದ್ಯ, ಅದರಲ್ಲೂ ಬಿಯರು, ಗೌಟಿಗೆ ಕಾರಣವಾಗುವುದು ನಿಜ, ಆದ್ದರಿಂದ ಕೇಳಲೇಬೇಕು. ಬಾಗಿಲು ಮುಚ್ಚಿ ಕೇಳಬೇಕು, ಇಲ್ಲ ಎಂದರೆ ನಂಬಬೇಕು. ಕುಡಿಯುವುದು ಹತ್ತು ಕಾರಣಗಳಲ್ಲಿ ಒಂದು, ಅಷ್ಟೆ.

ಮುಖ್ಯ ಕಾರಣ ಇರುವುದು ಕಿಡ್ನಿಯಲ್ಲಿ. ನಮ್ಮ ಮೈಯ ಜೀವಕೋಶಗಳು ಹಳತಾಗಿ ಒಡೆಯುವಾಗಲೂ ನಾವು ತಿಂದದ್ದು ಅರಗುವಾಗಲೂ ಪ್ಯೂರಿನ್ ಎಂಬ ವಸ್ತು ಹೊರಬರುತ್ತದೆ, ಅದು ಕಡೆಗೆ ಯೂರಿಕ್ ಆಸಿಡ್ ಆಗುತ್ತದೆ. ಬೇರೆ ಹೆಚ್ಚಿನ ಪ್ರಾಣಿಗಳಲ್ಲಿ ಇದನ್ನು ಇನ್ನೂ ಒಡೆಯುವ ಯೂರಿಕೇಸ್ ಎಂಬ ಕಿಣ್ವ ಇದೆ. ಮನುಷ್ಯನಲ್ಲಿ ಅದು ಎಂದೋ ಕೆಲಸ ನಿಲ್ಲಿಸಿದೆ. ಆದ್ದರಿಂದ ನಮಗೆ ಅದನ್ನು ಹೊರಗೆ ಹಾಕುವುದೊಂದೇ ದಾರಿ. ಮೂರರಲ್ಲಿ ಎರಡು ಪಾಲು ಮೂತ್ರದಲ್ಲಿ, ಉಳಿದದ್ದು ಕರುಳಿನ ಮೂಲಕ. ಗೌಟ್ ಇರುವ ಹೆಚ್ಚಿನವರ ತೊಂದರೆ ಇಲ್ಲಿಯೇ. ಅವರ ಮೈ ಹೆಚ್ಚು ತಯಾರಿಸುತ್ತದೆ ಎಂದಲ್ಲ, ಕಿಡ್ನಿ ಸಾಕಷ್ಟು ಹೊರಗೆ ಬಿಡುವುದಿಲ್ಲ. ಈ ಗುಣ ವಂಶದಲ್ಲಿ ಬರುತ್ತದೆ. ಮಾಮನಿಗೂ ನನಗೂ ಬಂದದ್ದು ಹಾಗೆ.

ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಅದು ಕರಗಿದ ಸ್ಥಿತಿಯಲ್ಲಿ ನಿಲ್ಲುವುದು ಕಷ್ಟ. ಸಕ್ಕರೆ ಪಾಕ ಹೆಚ್ಚಾದರೆ ಹರಳುಗಟ್ಟುವುದಿಲ್ಲವೇ, ಹಾಗೆ. ಹರಳುಗಳು ಸೂಜಿಯಾಕಾರದವು, ಗಂಟಿನೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಶೇಖರವಾಗುತ್ತವೆ. ಕಾಲಿನ ತುದಿ ಮೈಯ ಉಳಿದ ಭಾಗಕ್ಕಿಂತ ತಂಪು, ತಂಪಿನಲ್ಲಿ ಕರಗುವ ಶಕ್ತಿ ಇನ್ನೂ ಕಡಿಮೆ. ಹೆಬ್ಬೆರಳಿನ ಮೇಲೆ ಅದಕ್ಕಿರುವ ಪ್ರೀತಿಗೆ ಇದೊಂದು ಕಾರಣ. ಒಂದು ದಿನ ಮೈಯ ರಕ್ಷಣಾ ಪಡೆ ಈ ಸೂಜಿಗಳನ್ನು ಶತ್ರುವೆಂದು ತಿಳಿದು ಮೇಲೆ ಬೀಳುತ್ತದೆ. ಆ ಕಾಳಗವೇ ನಾವು ಅನುಭವಿಸುವ ನೋವು.

ಮಾಮನಿಗೆ ಬಿಪಿ ಇತ್ತು. ಅದಕ್ಕೆ ತಿನ್ನುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಥಯಾಜೈಡ್ ಜಾತಿಯ ಮದ್ದೂ ಸೇರಿತ್ತು. ಅದು ಯೂರಿಕ್ ಆಸಿಡನ್ನು ಏರಿಸುತ್ತದೆ. ಕಡಿಮೆ ಡೋಸಿನ ಆಸ್ಪಿರಿನ್ನೂ ಸ್ವಲ್ಪ ಏರಿಸುತ್ತದೆ, ಆದರೆ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ತಾನಾಗಿ ನಿಲ್ಲಿಸಿದರೆ ಅಪಾಯ ದೊಡ್ಡದು. ಬಿಪಿಯ ಮದ್ದುಗಳಲ್ಲೇ ಲೊಸಾರ್ಟನ್ ಯೂರಿಕ್ ಆಸಿಡನ್ನು ಸ್ವಲ್ಪ ಇಳಿಸುತ್ತದೆ, ಹಾಗಾಗಿ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳುವುದರಲ್ಲಿ ಅರ್ಥವಿದೆ. ಕ್ಲಿನಿಕ್ಕಿನಲ್ಲಿ ಬಿಯರಿನ ಬಗ್ಗೆ ಕೇಳಿದ ಡಾಕ್ಟರು ಬಿಪಿ ಮಾತ್ರೆಯ ಬಗ್ಗೆ ಕೇಳಲಿಲ್ಲ.

ನನ್ನದು ಶುರುವಾದದ್ದು 2017ರಲ್ಲಿ, ಶಾರ್ಜಾದಲ್ಲಿ. ಗೋಡೌನಿನ ಕೆಲಸ, ಜುಲೈ ತಿಂಗಳ ಬಿಸಿಲು, ನೀರಿಗಿಂತ ಹೆಚ್ಚು ಕೋಲಾ ಕುಡಿಯುವ ದಿನಗಳು. ಗಲ್ಫಿನಲ್ಲಿ ನಮ್ಮ ಹುಡುಗರ ಊಟದ ಜೊತೆ ಆ ಕ್ಯಾನು ಇದ್ದೇ ಇರುತ್ತದೆ. ಅದರ ಸಿಹಿಯಲ್ಲಿರುವ ಫ್ರಕ್ಟೋಸ್ ಮೈಯೊಳಗೆ ಯೂರಿಕ್ ಆಸಿಡ್ ಹೆಚ್ಚಿಸುತ್ತದೆ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಸಕ್ಕರೆಯ ತಂಪು ಪಾನೀಯ ಕುಡಿಯುವ ಗಂಡಸರಲ್ಲಿ, ತಿಂಗಳಿಗೆ ಒಂದೂ ಕುಡಿಯದವರಿಗಿಂತ ಗೌಟಿನ ಸಾಧ್ಯತೆ ಶೇಕಡ 85ರಷ್ಟು ಹೆಚ್ಚು ಕಂಡಿತು. ಹಲಾಲ್ ಎಂದು ನಿಶ್ಚಿಂತೆಯಿಂದ ಕುಡಿಯುವ ಕ್ಯಾನಿನ ಬಗ್ಗೆ ಯಾವ ಕ್ಲಿನಿಕ್ಕಿನಲ್ಲಿಯೂ ಗಟ್ಟಿ ದನಿಯಲ್ಲಿ ಕೇಳುವುದಿಲ್ಲ.

ಅಲ್ಲಿಯ ಡಾಕ್ಟರು ಅರಬಿ. ಕಾಲು ನೋಡಿದ ಕೂಡಲೇ "ನಿಕ್ರಿಸ್" ಎಂದರು. ಅರಬಿಯಲ್ಲಿ ಗೌಟಿನ ಹೆಸರು ಅದು. ರಾಜರ ರೋಗ ಎಂದೂ ಅಲ್ಲಿ ಕರೆಯುತ್ತಾರಂತೆ. ಆರು ಜನ ಮಲಗುವ ರೂಮಿನ ಮೇಲಿನ ಬಂಕಿನಲ್ಲಿ ಮಲಗುವ ರಾಜ ನಾನು! ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ 6.1 ಬಂತು. ಲ್ಯಾಬಿನವನು ನಾರ್ಮಲ್ ಎಂದ, ರೂಮಿನವರು ಉಳುಕು ಎಂದರು. ಡಾಕ್ಟರು ಮಾತ್ರ, ನೋವು ಇರುವಾಗ ಈ ಸಂಖ್ಯೆಯನ್ನು ನಂಬಬೇಡ, ಮೂರು ವಾರ ಬಿಟ್ಟು ಬಾ ಎಂದರು. ಮೂರು ವಾರ ಬಿಟ್ಟು 9.2. ನೋವು ಉರಿಯುವ ದಿನಗಳಲ್ಲಿ ರಕ್ತದಲ್ಲಿನ ಯೂರಿಕ್ ಆಸಿಡ್ ತಾತ್ಕಾಲಿಕವಾಗಿ ಇಳಿಯುವುದುಂಟು. ಊರಿನಲ್ಲಿ ಎಷ್ಟೋ ಜನ ಆ ಒಂದು ನಾರ್ಮಲ್ ರಿಪೋರ್ಟು ಹಿಡಿದುಕೊಂಡು, ತಮಗೆ ಗೌಟ್ ಅಲ್ಲವೆಂದು ನಂಬಿ ಕೂತಿದ್ದಾರೆ.

ಇದರ ತಿರುವುಮುರುವೂ ಇದೆ. ಈಗ ಎಲ್ಲ ಲ್ಯಾಬಿನವರೂ ಪ್ಯಾಕೇಜಿನಲ್ಲಿ ಯೂರಿಕ್ ಆಸಿಡ್ ಸೇರಿಸುತ್ತಾರೆ. 7.5 ಎಂದು ದಪ್ಪಕ್ಷರದಲ್ಲಿ ಬಂದರೆ ಹೆದರಿ ಮಾತ್ರೆ ಶುರು ಮಾಡುವವರಿದ್ದಾರೆ. ಸಂಖ್ಯೆ ಹೆಚ್ಚಿದ್ದರೂ ಒಂದು ಸಲವೂ ಗಂಟು ಊದದ ಹೆಚ್ಚಿನವರಿಗೆ ಮಾತ್ರೆಯ ಅಗತ್ಯವಿಲ್ಲ. ಸಂಖ್ಯೆಯೊಂದೇ ಕಾಯಿಲೆಯಲ್ಲ.

2019ರಲ್ಲಿ ರಜೆಗೆ ಬಂದವನು ಮಾಮನ ಕಿವಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಎರಡು ಬಿಳಿ ಗುಳ್ಳೆ ಕಂಡೆ. ಮೊಣಕೈ ಹಿಂದೆ ಗಜ್ಜುಗದಂಥ ಒಂದು ಗಡ್ಡೆ. ಅಷ್ಟರಲ್ಲಿ ನನ್ನ ಕಾಯಿಲೆಯ ಬಗ್ಗೆ ನಾಲ್ಕು ವಿಷಯ ತಿಳಿದಿದ್ದೆ. ಅದು ಟೋಫಸ್, ಅಂದರೆ ಚರ್ಮದ ಅಡಿಯಲ್ಲಿ ಕಲ್ಲುಗಟ್ಟಿದ ಅದೇ ಹರಳು. ಒಡೆದರೆ ಸುಣ್ಣದಂಥ ಬಿಳಿ ಪುಡಿ ಬರುತ್ತದೆ. ಮಂಗಳೂರಿಗೆ ಕರೆದುಕೊಂಡು ಹೋದೆವು. ಯೂರಿಕ್ ಆಸಿಡ್ 10.4, ಕ್ರಿಯಾಟಿನಿನ್ 2.3. ಹತ್ತು ವರ್ಷದ ನೋವಿನ ಮಾತ್ರೆ ತನ್ನ ಲೆಕ್ಕ ಬರೆದಿಟ್ಟಿತ್ತು.

ಆ ಡಾಕ್ಟರು ಬಾಗಿಲು ಮುಚ್ಚಿದರು. ಮತ್ತೆ ಮಾಮನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿದರು. ಮಳೆಗಾಲದಲ್ಲಿ ಮಾಡಿನ ಹಂಚು ಒಡೆದು ನೀರು ಒಳಗೆ ಬಿದ್ದರೆ ಏನು ಮಾಡುತ್ತೀರಿ? ಮೊದಲು ನೆಲ ಒರೆಸುತ್ತೀರಿ. ಆಮೇಲೆ ಹಂಚು ಬದಲಿಸುತ್ತೀರಿ. ನೀವು ಹತ್ತು ವರ್ಷ ನೆಲ ಮಾತ್ರ ಒರೆಸಿದಿರಿ, ಅದೂ ಕಿಡ್ನಿಗೆ ಆಗದ ಬಟ್ಟೆಯಲ್ಲಿ.

ಗೌಟಿನ ಚಿಕಿತ್ಸೆ ಈ ಎರಡು ಕೆಲಸವೇ. ನೆಲ ಒರೆಸುವುದಕ್ಕೆ, ಅಂದರೆ ಆ ಹೊತ್ತಿನ ನೋವಿಗೆ ಮೂರು ಬಗೆಯ ಮದ್ದು ಇವೆ: ನೋವಿನ ಮಾತ್ರೆ, ಕೊಲ್ಚಿಸಿನ್, ಸ್ಟೀರಾಯ್ಡ್. ಕಿಡ್ನಿ, ಹೊಟ್ಟೆ, ಸಕ್ಕರೆ, ಹೃದಯ ನೋಡಿ ಇವುಗಳಲ್ಲಿ ಯಾವುದು ಎಂದು ಡಾಕ್ಟರು ಆರಿಸುತ್ತಾರೆ. ಎಷ್ಟು ಬೇಗ ತೆಗೆದುಕೊಳ್ಳುತ್ತೇವೋ ಅಷ್ಟು ಒಳ್ಳೆಯದು. ಕಿಡ್ನಿ ಸೋತ ಮಾಮನಿಗೆ ಡೈಕ್ಲೊಫೆನಾಕ್ ಪೂರ್ತಿ ನಿಷೇಧವಾಯಿತು.

ಕೊಲ್ಚಿಸಿನ್ ಬಗ್ಗೆ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಕೆಂಪು-ಹಳದಿ ಹೂ ಅರಳುತ್ತದಲ್ಲ, ಗೌರಿ ಹೂ, ಅಗ್ನಿಶಿಖೆ, ಮಲಯಾಳಂನಲ್ಲಿ ಮೇಂದೋನ್ನಿ, ಅದರ ಬೀಜದಲ್ಲೂ ಗೆಡ್ಡೆಯಲ್ಲೂ ಇರುವುದು ಇದೇ ಕೊಲ್ಚಿಸಿನ್. ತಮಿಳುನಾಡಿನ ರಾಜ್ಯ ಪುಷ್ಪ ಅದು, ಅಲ್ಲಿ ಬೀಜಕ್ಕಾಗಿ ಬೆಳೆಯುತ್ತಾರೆ ಕೂಡ. ಯುನಾನಿ ಹಕೀಮರು ಗಂಟು ನೋವಿಗೆ ಕೊಡುವ ಸೂರಂಜಾನ್ ಇದೇ ಮದ್ದು ಇರುವ ಬೇರೆ ಗಿಡ. ಹಾಗೆಂದು ಬೇಲಿಯ ಗೆಡ್ಡೆ ಅರೆದು ಕುಡಿಯಲು ಹೋಗಬೇಡಿ ಮಾರಾಯ್ರೆ, ಅದು ಸಾವು ತರುವ ವಿಷ. ಮಾತ್ರೆಯಲ್ಲಿ ಇರುವುದು ಅರ್ಧ ಮಿಲಿಗ್ರಾಂ. ಅದೂ ಹೆಚ್ಚಾದರೆ ಭೇದಿ ಶುರುವಾಗುತ್ತದೆ. ಕಿಡ್ನಿ ಸರಿ ಇಲ್ಲದವರಿಗೆ ಡೋಸು ಇನ್ನೂ ಕಡಿಮೆ. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳ ಜೊತೆ ಸೇರಿದರೆ ಅಪಾಯ. ಬೇರೆ ಡಾಕ್ಟರ ಹತ್ತಿರ ಕೆಮ್ಮು ಜ್ವರಕ್ಕೆ ಹೋದಾಗಲೂ ಇದನ್ನು ತಿನ್ನುತ್ತಿದ್ದೇವೆಂದು ಹೇಳಬೇಕು.

ಹಂಚು ಬದಲಿಸುವ ಮದ್ದು ಬೇರೆ. ಹೆಚ್ಚಾಗಿ ಅಲೊಪ್ಯೂರಿನಾಲ್. ಇದು ಮೈಯಲ್ಲಿ ಯೂರಿಕ್ ಆಸಿಡ್ ತಯಾರಾಗುವುದನ್ನೇ ತಗ್ಗಿಸುತ್ತದೆ. ಅಮೆರಿಕದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಲ್ಲಿ ಹುಟ್ಟಿ 1966ರಿಂದ ಗೌಟಿಗೆ ಬಳಕೆಯಲ್ಲಿರುವ ಮದ್ದು. ಅವರಿಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಕಡಿಮೆ ಡೋಸಿನಲ್ಲಿ ಶುರು ಮಾಡಿ, ಕೆಲವು ವಾರಕ್ಕೊಮ್ಮೆ ರಕ್ತ ನೋಡಿ ಏರಿಸುತ್ತಾ ಹೋಗುತ್ತಾರೆ. ಗುರಿ 6ಕ್ಕಿಂತ ಕೆಳಗೆ, ಟೋಫಸ್ ಇದ್ದವರಿಗೆ 5ಕ್ಕಿಂತ ಕೆಳಗೆ. ಅಷ್ಟು ಇಳಿದರೆ ಗಂಟಿನಲ್ಲಿ ಕೂತ ಹಳೆ ಹರಳು ಮೆಲ್ಲಗೆ ಮರಳಿ ಕರಗುತ್ತದೆ. ಸಾಮಾನ್ಯ 100 ಮಿಲಿಗ್ರಾಂನಲ್ಲಿ ಶುರು, ಮಾಮನಿಗೆ ಕಿಡ್ನಿಯ ಕಾರಣ 50. ಇದು ತಿಂಗಳ ಕೋರ್ಸ್ ಅಲ್ಲ, ವರ್ಷಗಳ ಮಾತು. ಹೆಚ್ಚಿನವರಿಗೆ ಜೀವಮಾನ ಪೂರ್ತಿ. ಶುರುವಿನ ವಾರಗಳಲ್ಲಿ ಮೈಮೇಲೆ ದಡಿಕೆ ಎದ್ದರೆ, ಬಾಯಿ ಹುಣ್ಣಾದರೆ, ಜ್ವರ ಬಂದರೆ ಆ ಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೆ ಆದರೆ ಜೀವಕ್ಕೇ ಕುತ್ತು. ಇದು ಆಗದವರಿಗೆ ಫೆಬುಕ್ಸೊಸ್ಟಾಟ್ ಇದೆ. ಹೃದಯದ ತೊಂದರೆ ಇರುವವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಿಕೊಳ್ಳಬೇಕು.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಕೊಡದಿದ್ದರೆ ರೋಗಿ ಓಡಿಹೋಗುತ್ತಾನೆ. ಈ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ನೋವು ಹೆಚ್ಚಾಗಿ ಬರಬಹುದು. ಗಟ್ಟಿಯಾಗಿ ಕೂತ ಹರಳುಗಳು ಸಡಿಲವಾಗುವಾಗ ಮೈ ಮತ್ತೆ ಕೆರಳುತ್ತದೆ. ಅದಕ್ಕೆಂದೇ ಮೂರರಿಂದ ಆರು ತಿಂಗಳು ಕಡಿಮೆ ಡೋಸಿನ ಕೊಲ್ಚಿಸಿನ್ ಜೊತೆಗೆ ಕೊಡುತ್ತಾರೆ. ನೋವು ಬಂದರೆ ಆ ನೋವಿಗೆ ಮದ್ದು ಮಾಡಬೇಕು, ಅಲೊಪ್ಯೂರಿನಾಲ್ ನಿಲ್ಲಿಸಬಾರದು.

ಮಾಮನಿಗೆ ಇದನ್ನು ಹೇಳಿದ್ದರು. ಆದರೆ 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿತು. ಮುಕ್ಕಾಲು ಗಂಟೆಯ ದಾರಿಯ ಮಂಗಳೂರು ಬೇರೆ ದೇಶವಾಯಿತು. ಡಯಾಲಿಸಿಸಿನವರು, ಹೆರಿಗೆಯವರು ಆ ಮಣ್ಣಿನ ರಾಶಿಯ ಈಚೆ ಸಿಕ್ಕಿಬಿದ್ದ ದಿನಗಳಲ್ಲಿ ಹೆಬ್ಬೆರಳಿನ ನೋವನ್ನು ಯಾರ ಹತ್ತಿರ ಹೇಳುವುದು? ಡೋಸು ಏರಿಸುವ ಹಂತದಲ್ಲಿಯೇ ಎರಡೂ ಕಾಲು ಒಟ್ಟಿಗೆ ಊದಿದವು. ಈ ಹೊಸ ಮಾತ್ರೆಯಿಂದಲೇ ಎಂದು ಮಾಮ ಶೀಟನ್ನು ಹೊರಗೆ ಬಿಸಾಡಿದರು. ಮಗಳು ಅದನ್ನು ಹೆಕ್ಕಿ ತಂದು, ಕಾಲಿನ ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡಿದಳು. ಸಂಜೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಬಂತು. ಅದರಲ್ಲಿ ಅರ್ಧ ಗದರಿಕೆ, ಅರ್ಧ ಸಮಾಧಾನ. ಮಾಮ ಆ ಮೆಸೇಜನ್ನು ಎಷ್ಟೋ ಸಲ ಕೇಳಿಸಿಕೊಂಡರಂತೆ. ಹತ್ತು ವರ್ಷದಲ್ಲಿ ಯಾರೂ ಅವರ ಕಾಲಿನ ಬಗ್ಗೆ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಇನ್ನು ಊಟ. ಗೌಟ್ ಎಂದು ಗೊತ್ತಾದ ದಿನದಿಂದ ಮನೆಗೆ ಬಂದವರೆಲ್ಲ ವೈದ್ಯರೇ. ತೊಗರಿಬೇಳೆ ಬೇಡ, ಬಸಳೆ ಬೇಡ, ಟೊಮೆಟೊ ಬೇಡ, ಹಾಲು ಬೇಡ. 2004ರಲ್ಲಿ ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಮಾಂಸ ಮತ್ತು ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚು. ಪ್ಯೂರಿನ್ ಇರುವ ತರಕಾರಿ, ಕಾಳುಗಳಿಂದ ಹೆಚ್ಚಾಗಲಿಲ್ಲ. ಹಾಲು ಮೊಸರು ತಿನ್ನುವವರಲ್ಲಿ ಕಡಿಮೆ. ಅಂದರೆ ಜನ ನಿಲ್ಲಿಸಲು ಹೇಳಿದ್ದು ಹೆಚ್ಚಿನದೂ ನಿಲ್ಲಿಸಬೇಕಾಗಿಲ್ಲದ್ದು.

ನಿಲ್ಲಿಸಬೇಕಾದದ್ದೋ, ನಮ್ಮ ಅಡುಗೆಮನೆಯ ಹೃದಯಕ್ಕೇ ಕೈ ಹಾಕುತ್ತದೆ. ಬೂತಾಯಿ, ಕೊಲ್ಲತರು, ಮರುವಾಯಿ, ಲಿವರು, ಬೋಟಿ, ಕಾಲು ಸೂಪು. ಬೂತಾಯಿ ಪುಳಿಮುಂಚಿ ಇಲ್ಲದ ಮಳೆಗಾಲ, ಮರುವಾಯಿ ಹಾಕಿದ ಪಿಂಡಿ ಇಲ್ಲದ ಭಾನುವಾರ, ಅದನ್ನು ಹೇಳುವುದು ಸುಲಭ. ಬಕ್ರೀದ್ ಪೆರ್ನಾಲಿನ ಮೂರನೆಯ ದಿನ ನಮ್ಮೂರಲ್ಲಿ ಎಷ್ಟು ಜನ ಕುಂಟುತ್ತಾರೆ ಎಂದು ಸುಮ್ಮನೆ ನೋಡಿ. ಮೂರು ದಿನ ಮಾಂಸ, ಮಾಂಸದ ಮೇಲೆ ಮಾಂಸ, ಅದನ್ನು ಇಳಿಸಲು ಕೋಲಾ. ಆದರೂ ಒಂದು ಸಮಾಧಾನ ಇದೆ. ಪಥ್ಯ ಎಷ್ಟು ಕಟ್ಟುನಿಟ್ಟು ಮಾಡಿದರೂ ಯೂರಿಕ್ ಆಸಿಡ್ ಹೆಚ್ಚೆಂದರೆ ಒಂದು ಮಿಲಿಗ್ರಾಂನಷ್ಟು ಇಳಿಯುತ್ತದೆ. 10.4 ಇದ್ದವರಿಗೆ ಅದು ಸಾಲದು. ಆದ್ದರಿಂದ ಊಟದಿಂದಲೇ ಗುಣ ಮಾಡುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಹಾಗೆಯೇ, ಎಲ್ಲ ನಿನ್ನ ಬಾಯಿ ಚಪಲದಿಂದ ಎನ್ನುವವರನ್ನೂ. ನನ್ನ ಲೆಕ್ಕ ಇಷ್ಟು: ಲಿವರು, ಬೋಟಿ, ಮರುವಾಯಿ ಬಿಟ್ಟಿದ್ದೇನೆ, ಬೂತಾಯಿ ಅಪರೂಪಕ್ಕೆ ಎರಡು. ಕೋಲಾ ಪೂರ್ತಿ ಇಲ್ಲ. ರಂಝಾನಿನಲ್ಲಿ ಮಾತ್ರೆ ಇಫ್ತಾರಿನ ನಂತರ, ಇಫ್ತಾರಿನಿಂದ ಸಹರಿಯವರೆಗೆ ನೀರಿನ ಬಾಟಲಿ ಕೈಯಲ್ಲೇ. ಮೈಯಲ್ಲಿ ನೀರು ಕಡಿಮೆಯಾದರೆ ನೋವು ಬರುವ ಸಾಧ್ಯತೆ ಹೆಚ್ಚು.

ಉಮ್ಮನ ಕಥೆ ಬೇರೆ. 2022ರಲ್ಲಿ, 78ರ ಪ್ರಾಯದಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಮೂರನೆಯ ದಿನ ಆಸ್ಪತ್ರೆಯಲ್ಲೇ ಬಲ ಮೊಣಕಾಲು ತೆಂಗಿನಕಾಯಿಯಂತೆ ಊದಿ, ಜ್ವರ ಬಂತು. ಉಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ. ಬಿಸಿಯಾಗಿ ಊದಿದ ಒಂದು ಗಂಟು ಮತ್ತು ಜ್ವರ ಒಟ್ಟಿಗೆ ಕಂಡರೆ ಡಾಕ್ಟರುಗಳು ಮೊದಲು ಹೆದರುವುದು ಗಂಟಿನೊಳಗಿನ ಕೀವಿಗೆ. ಸೋಂಕಾದರೆ ಕೆಲವೇ ದಿನದಲ್ಲಿ ಗಂಟು ಹಾಳು, ಜೀವಕ್ಕೂ ಅಪಾಯ. ಗೌಟ್ ಇದೆ ಎಂದು ಗೊತ್ತಿದ್ದವರಿಗೂ ಈ ಮಾತು ಅನ್ವಯಿಸುತ್ತದೆ. ಹಳೆಯದೇ ಬಂತು ಎಂದು ಮನೆಯಲ್ಲಿ ಮಲಗಬಾರದು, ಎರಡೂ ಒಟ್ಟಿಗೆ ಇರಬಹುದು.

ಎಲುಬಿನ ಡಾಕ್ಟರು ಮೊಣಕಾಲಿಗೆ ಸೂಜಿ ಹಾಕಿ ಮಸುಕಾದ ನೀರು ತೆಗೆದರು. ಅರ್ಧ ನೋವು ಆಗಲೇ ಇಳಿಯಿತು. ಆ ನೀರನ್ನು ಒಂದು ಕಡೆ ಸೋಂಕಿನ ಪರೀಕ್ಷೆಗೆ, ಇನ್ನೊಂದು ಕಡೆ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಕಳಿಸಿದರು. 1961ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹಾಲೆಂಡರ್ ಎಂಬ ಇಬ್ಬರು ವೈದ್ಯರು ತೋರಿಸಿಕೊಟ್ಟ ವಿಧಾನ ಅದು. ಗೌಟಿನ ಹರಳು ಸೂಜಿಯಂತೆ ಹೊಳೆದು ಕಾಣುತ್ತದೆ. ಇವತ್ತಿಗೂ ಗೌಟ್ ಹೌದೋ ಅಲ್ಲವೋ ಎಂದು ಖಂಡಿತವಾಗಿ ಹೇಳುವ ಪರೀಕ್ಷೆ ಇದೇ, ರಕ್ತದ ರಿಪೋರ್ಟು ಅಲ್ಲ. ಉಮ್ಮನ ನೀರಿನಲ್ಲಿ ಸೂಜಿ ಇರಲಿಲ್ಲ. ಗಿಡ್ಡ, ಓರೆ ಚೌಕದ ಹರಳುಗಳಿದ್ದವು. ಅವು ಯೂರಿಕ್ ಆಸಿಡಿನವಲ್ಲ, ಕ್ಯಾಲ್ಸಿಯಂ ಪೈರೊಫಾಸ್ಫೇಟಿನವು. ಎಕ್ಸ್‌ರೇಯಲ್ಲಿ ಮೊಣಕಾಲಿನ ಮೆದು ಎಲುಬಿನ ನಡುವೆ ಸುಣ್ಣದ ಗೆರೆ ಎಳೆದಂತೆ ಕಂಡಿತು. ಸೋಂಕಿನ ಪರೀಕ್ಷೆಯಲ್ಲಿ ಏನೂ ಬೆಳೆಯಲಿಲ್ಲ. ಸೂಡೋಗೌಟ್ ಎಂದರು, ಹುಸಿ ಗೌಟ್. ಪ್ರಾಯದವರಲ್ಲಿ ಮೊಣಕಾಲಿಗೂ ಮಣಿಕಟ್ಟಿಗೂ ಬರುತ್ತದೆ, ಆಪರೇಷನ್ನೋ ದೊಡ್ಡ ಕಾಯಿಲೆಯೋ ಆದ ಬೆನ್ನಿಗೇ ಕೆರಳುವುದು ಅದರ ಗುಣ. ಗಂಟಿಗೆ ಸ್ಟೀರಾಯ್ಡ್ ಚುಚ್ಚಿದರು, ನಾಲ್ಕನೆಯ ದಿನ ಉಮ್ಮ ಎದ್ದು ನಡೆದರು. ಆ ಹರಳನ್ನು ಕರಗಿಸುವ ಮದ್ದು ಮಾತ್ರ ಇನ್ನೂ ಇಲ್ಲ, ಬಂದಾಗ ಶಮನ ಮಾಡುವುದಷ್ಟೆ. ಅರುವತ್ತರ ಒಳಗಿನವರಿಗೆ ಬಂದರೆ ಪ್ಯಾರಾಥೈರಾಯ್ಡ್, ಮೆಗ್ನೀಸಿಯಂ, ಕಬ್ಬಿಣದ ಅಂಶ ಪರೀಕ್ಷಿಸುತ್ತಾರಂತೆ.

ಮನೆಗೆ ಬಂದಾಗ ನೆರೆಯವರು, ತಮ್ಮನದ್ದೇ ಅಕ್ಕನಿಗೂ ಎಂದು ತೀರ್ಮಾನ ಮಾಡಿ ಆಗಿತ್ತು. ಮೀನು ನಿಲ್ಲಿಸಿದರು, ಹೆಸರಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲೂ ನಿಲ್ಲಿಸಿದರು. ಉಮ್ಮ ಇಪ್ಪತ್ತು ದಿನ ಸಾರು ಅನ್ನ ಉಂಡು, ಮೊಣಕಾಲಿಗಿಂತ ಹೆಚ್ಚು ಅದರಿಂದಲೇ ಸೊರಗಿದರು. ಈ ಹರಳಿಗೂ ಮೀನಿಗೂ ಹಾಲಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಸ್ಪೀಕರಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದ ಮೇಲೆಯೇ ಬಂಗುಡೆ ಮನೆಗೆ ಬಂದದ್ದು.

ಮಾಮ ಈಗ ದಿನಕ್ಕೆ 200 ಮಿಲಿಗ್ರಾಂ ಅಲೊಪ್ಯೂರಿನಾಲ್ ತಿನ್ನುತ್ತಾರೆ, ಯೂರಿಕ್ ಆಸಿಡ್ 4.8ಕ್ಕೆ ಬಂದು ನಿಂತಿದೆ. ಎರಡು ವರ್ಷದಿಂದ ಒಂದು ಸಲವೂ ನೋವು ಬಂದಿಲ್ಲ. ಕಿವಿಯ ಗುಳ್ಳೆ ಪೂರ್ತಿ ಕರಗಿದೆ, ಮೊಣಕೈ ಗಡ್ಡೆ ಅರ್ಧಕ್ಕೆ ಇಳಿದಿದೆ. ಹೆಬ್ಬೆರಳಿನ ಗಂಟು ಮಾತ್ರ ಒಳಗಿಂದ ಸವೆದು ಹೋಗಿರುವುದರಿಂದ ಮಡಚುವುದಿಲ್ಲ. ಮಸೀದಿಯಲ್ಲಿ ಕೊನೆಯ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತು ನಮಾಝ್ ಮಾಡುತ್ತಾರೆ. ಕ್ರಿಯಾಟಿನಿನ್ 2.1. ಅದಕ್ಕಿಂತ ಕೆಳಗೆ ಬಂದಿಲ್ಲ, ಮೂರು ತಿಂಗಳಿಗೊಮ್ಮೆ ನೋಡಿಸಿಕೊಂಡು ಬರುತ್ತೇವೆ.